ಬಿಳಿ ಟೀಯ ನಿಜವಾದ ವಯಸ್ಸೆಷ್ಟು?

ಕಾಫಿ ನಾಡಿನವನೊಬ್ಬ ಟೀ ಚರಿತ್ರೆ ಬರೆಯಲು ಕೂತಿದ್ದಾನಲ್ಲ ಅಂತ ನಗಬೇಡಿ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸಿ ಸೋಸುವ ನಮ್ಮ ಚಹಾದ ಮಾತಲ್ಲ ಇದು. ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಬಿಳಿ ಟೀ ಅಂತ ಒಂದನ್ನು ಮಾಡುತ್ತಾರೆ. ಚಿಗುರು ಕಿತ್ತು, ಬಿದಿರಿನ ತಟ್ಟೆಗಳ ಮೇಲೆ ತೆಳ್ಳಗೆ ಹರಡಿ, ಒಂದೂವರೆಯಿಂದ ಮೂರು ದಿನ ಬಾಡಿಸಿ, ಆಮೇಲೆ ಪೂರ್ತಿ ಒಣಗಿಸಿದರೆ ಮುಗಿಯಿತು. ಹಸಿರು ಟೀಯಂತೆ ಬಾಣಲೆಯಲ್ಲಿ ಹುರಿಯುವುದಿಲ್ಲ, ಕಪ್ಪು ಟೀಯಂತೆ ಹೊಸೆಯುವುದೂ ಇಲ್ಲ. ಹಪ್ಪಳ ಒಣಗಿಸಿದ ಹಾಗೆ ಅನ್ನಿ. (ಅಷ್ಟು ಸುಲಭವಲ್ಲ ಬಿಡಿ. ಮೋಡ ಕವಿದು ಗಾಳಿಯಲ್ಲಿ ತೇವ ಹೆಚ್ಚಾದರೆ ಎಲೆಯೆಲ್ಲ ಕಪ್ಪಾಗುತ್ತದೆ.) ಮೊಗ್ಗಿನ ಮೇಲೆ ಬಿಳಿ ರೋಮ ಹಾಗೇ ಉಳಿಯುವುದರಿಂದ ಆ ಹೆಸರು.

ಇದನ್ನು ಮಾರುವವರು ಎರಡು ಮಾತು ತಪ್ಪದೆ ಹೇಳುತ್ತಾರೆ. ಒಂದು, ಇದಕ್ಕೆ ಸಾವಿರ ವರ್ಷದ ಪರಂಪರೆ ಇದೆ. ಎರಡು, ಇದು ಹಳೆಯದಾದಷ್ಟೂ ಒಳ್ಳೆಯದು. ಎರಡನೆಯ ಮಾತಿನ ಮೇಲೆ ಈಗ ದೊಡ್ಡ ವ್ಯಾಪಾರವೇ ನಡೆಯುತ್ತಿದೆ. ಹಾಗಾಗಿ ಎರಡನ್ನೂ ಸ್ವಲ್ಪ ಕೆದಕಿ ನೋಡೋಣ ಅನ್ನಿಸಿತು.

ಸಾವಿರ ವರ್ಷದ ಕಥೆಗೆ ಮೂಲಪುರುಷ ಸೋಂಗ್ ವಂಶದ ಚಕ್ರವರ್ತಿ ಹುಯಿಝೋಂಗ್. ಒಳ್ಳೆಯ ಚಿತ್ರಕಾರ, ಕೈಬರಹದಲ್ಲಿ ಅವನದೇ ಒಂದು ಶೈಲಿ ಇದೆ, ರಾಜ್ಯಭಾರ ಮಾತ್ರ ಅಷ್ಟಕ್ಕಷ್ಟೆ. 1107ರ ಸುಮಾರಿಗೆ ಟೀ ಬಗ್ಗೆ ಒಂದು ಪುಟ್ಟ ಗ್ರಂಥ ಬರೆದ. ಅದರಲ್ಲಿ 'ಬಿಳಿ ಟೀ' ಎಲ್ಲ ಟೀಗಳಿಗಿಂತ ಬೇರೆಯೇ ಜಾತಿ, ಬಂಡೆ ಕಾಡುಗಳ ನಡುವೆ ತಾನಾಗಿ ಹುಟ್ಟುತ್ತದೆ, ಮನುಷ್ಯ ಪ್ರಯತ್ನದಿಂದ ಬರುವಂಥದ್ದಲ್ಲ, ನಾಲ್ಕೈದು ಮನೆಯವರ ಹತ್ತಿರ ತಲಾ ಒಂದೋ ಎರಡೋ ಮರ ಇದ್ದರೆ ಹೆಚ್ಚು ಅಂತ ಹೇಳುತ್ತಾನೆ. ಚಕ್ರವರ್ತಿಯೇ ಸರ್ಟಿಫಿಕೇಟ್ ಕೊಟ್ಟ ಮೇಲೆ ಇನ್ನೇನು ಬೇಕು, ಅಲ್ವೇ?

ಆದರೆ ಅವನು ಹೇಳುತ್ತಿರುವುದು ಮರದ ಬಗ್ಗೆ, ಎಲೆಯೇ ಬೆಳ್ಳಗಿರುವ ಒಂದು ಅಪರೂಪದ ಮರ. ಟೀ ಮಾಡುವ ವಿಧಾನದ ಮಾತೇ ಅಲ್ಲ. ಆ ಎಲೆಯನ್ನು ಅವನ ಕಾಲದವರು ಹಬೆಯಲ್ಲಿ ಬೇಯಿಸಿ, ಹಿಂಡಿ, ಅರೆದು, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡುತ್ತಿದ್ದರು. ಕುಡಿಯುವಾಗ ಪುಡಿ ಮಾಡಿ, ಬಿಸಿನೀರು ಹಾಕಿ, ಬಿದಿರಿನ ಕಡ್ಡಿಗಳ ಕಟ್ಟಿನಿಂದ ನೊರೆ ಬರುವ ತನಕ ಕಡೆಯುತ್ತಿದ್ದರು. ಈಗಿನ ಬಿಳಿ ಟೀಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. 1127ರಲ್ಲಿ ಉತ್ತರದ ಜಿನ್ ದಂಡು ರಾಜಧಾನಿಗೆ ನುಗ್ಗಿ ಹುಯಿಝೋಂಗನನ್ನು ಸೆರೆಹಿಡಿದು ಕೊಂಡೊಯ್ಯಿತು. ಎಂಟು ವರ್ಷ ಕಳೆದು, ಟೀ ಬೆಳೆಯದ ಚಳಿಯ ಸೀಮೆಯಲ್ಲಿ ಕೈದಿಯಾಗಿಯೇ ಸತ್ತ. 1391ರಲ್ಲಿ ಮಿಂಗ್ ವಂಶದ ಮೊದಲ ದೊರೆ ಅರಮನೆಗೆ ಬಿಲ್ಲೆ ಟೀ ಕಪ್ಪ ಕೊಡುವ ಪದ್ಧತಿಯನ್ನೇ ರದ್ದು ಮಾಡಿದ. ಹುಯಿಝೋಂಗ್ ವರ್ಣಿಸಿದ ಟೀ ಅಲ್ಲಿಗೆ ಮುಗಿದ ಕಥೆ.

ಇನ್ನೊಂದು ತಮಾಷೆ ನೋಡಿ. ಎಂಟನೇ ಶತಮಾನದ ಲು ಯು ತನ್ನ ಟೀ ಗ್ರಂಥದಲ್ಲಿ ಅದಕ್ಕೂ ಹಳೆಯ ಒಂದು ಪುಸ್ತಕದಿಂದ ಒಂದು ಮಾತು ಎತ್ತಿ ಬರೆದಿದ್ದಾನೆ: ಯೊಂಗ್‌ಜಿಯಾದಿಂದ ಪೂರ್ವಕ್ಕೆ ಮುನ್ನೂರು ಲೀ ದೂರದಲ್ಲಿ 'ಬಿಳಿ ಟೀ ಬೆಟ್ಟ' ಇದೆ ಅಂತ. ಯೊಂಗ್‌ಜಿಯಾ ಅಂದರೆ ಈಗಿನ ವೆನ್‌ಝೌ ಪ್ರದೇಶ. ಅಲ್ಲಿಂದ ಅಷ್ಟು ದೂರ ಪೂರ್ವಕ್ಕೆ ಹೋದರೆ ಸಮುದ್ರಕ್ಕೆ ಬೀಳುತ್ತೀರಿ! ಆಧುನಿಕ ಇತಿಹಾಸಕಾರ ಚೆನ್ ಚುವಾನ್, ಇದು ನಕಲು ಮಾಡಿದವರ ತಪ್ಪಿರಬೇಕು, 'ದಕ್ಷಿಣ' ಅಂತ ಓದಿಕೊಳ್ಳಬೇಕು ಅಂದರು. ದಕ್ಷಿಣಕ್ಕೆ ಹೋದರೆ ಸಿಗುವುದು ಫುಡಿಂಗ್, ಈಗ ಬಿಳಿ ಟೀಗೆ ಹೆಸರಾದ ಊರು. ಇರಬಹುದು. ಆದರೆ ದಿಕ್ಕು ಬದಲಾಯಿಸಿದ ಮೇಲೂ ಕೈಗೆ ಸಿಗುವುದು ಒಂದು ಬೆಟ್ಟದ ಹೆಸರು ಮಾತ್ರ, ಅಲ್ಲಿ ಟೀ ಹೇಗೆ ಮಾಡುತ್ತಿದ್ದರು ಅನ್ನುವುದಲ್ಲ.

ಹಾಗಾದರೆ ಈಗ ನಾವು ಕುಡಿಯುವ ಬಿಳಿ ಟೀ ಯಾವಾಗ ಹುಟ್ಟಿತು? ಬಹುಮಟ್ಟಿಗೆ ಎಲ್ಲರೂ ಆಧಾರವಾಗಿ ಹಿಡಿಯುವುದು ಝಾಂಗ್ ಟಿಯಾನ್‌ಫು ಅವರು 1963ರಲ್ಲಿ ಬರೆದ ಫುಜಿಯಾನ್ ಬಿಳಿ ಟೀ ಸಮೀಕ್ಷೆಯನ್ನು. (1910ರಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದವರು. ಟೀ ಕುಡಿದೇ ಅಂತ ಅಂಗಡಿಯವರು ಹೇಳದೆ ಬಿಡುತ್ತಾರೆಯೇ!) ಅವರ ಲೆಕ್ಕದಲ್ಲಿ 1796ರ ಸುಮಾರಿಗೆ ಫುಡಿಂಗ್‌ನಲ್ಲಿ ನಾಟಿ ಗಿಡಗಳ ಮೊಗ್ಗಿನಿಂದ 'ಬೆಳ್ಳಿ ಸೂಜಿ' ಮಾಡಿದರು. ಆ ಮೊಗ್ಗುಗಳು ಸಣ್ಣವು. 1880ರ ದಶಕದಲ್ಲಿ 'ದೊಡ್ಡ ಬಿಳಿ' ಅನ್ನುವ ತಳಿಯ ದಪ್ಪ, ರೋಮ ತುಂಬಿದ ಮೊಗ್ಗು ಬಂದ ಮೇಲೆ ಈಗಿನ ರೂಪ ಬಂತು. ಒಂದು ಮೊಗ್ಗು, ಎರಡು ಎಲೆ ಸೇರಿಸಿ ಮಾಡುವ 'ಬಾಯ್ ಮುದಾನ್' ಶುರುವಾಗಿದ್ದು 1922ರಲ್ಲಿ. ಇದೆಲ್ಲ ಹೆಚ್ಚಾಗಿ ರಫ್ತಿಗೆ ಹೋಗುತ್ತಿತ್ತು. 1912ರಿಂದ 1916ರವರೆಗೆ ಬೆಳ್ಳಿ ಸೂಜಿಗೆ ಸುಗ್ಗಿ ಕಾಲ, ಆಮೇಲೆ ಯುರೋಪಿನ ಯುದ್ಧದ ಹೊಡೆತ. ಟೀಗಳನ್ನು ಮಾಡುವ ವಿಧಾನದ ಮೇಲೆ ಆರು ವರ್ಗಗಳಾಗಿ ಚೆನ್ ಚುವಾನ್ ವಿಂಗಡಿಸಿದ್ದು 1979ರಲ್ಲಿ. ಹಾಗೆ ನೋಡಿದರೆ ಬಿಳಿ ಟೀ ಸುಮಾರು ಇನ್ನೂರ ಮೂವತ್ತು ವರ್ಷದ್ದು, ಪಠ್ಯಪುಸ್ತಕದಲ್ಲಿ ಅದಕ್ಕೆ ಈ ಜಾಗ ಸಿಕ್ಕಿ ಅರ್ಧ ಶತಮಾನವೂ ಆಗಿಲ್ಲ.

ಇನ್ನು ಹಳೆಯದರ ಕಥೆ. 'ಒಂದು ವರ್ಷಕ್ಕೆ ಟೀ, ಮೂರು ವರ್ಷಕ್ಕೆ ಔಷಧ, ಏಳು ವರ್ಷಕ್ಕೆ ನಿಧಿ' ಅಂತ ಒಂದು ಗಾದೆ ಈಗ ಎಲ್ಲ ಅಂಗಡಿಯಲ್ಲೂ ಕೇಳುತ್ತದೆ. ಅದರ ಬುಡದಲ್ಲಿ ನಿಜ ಇಲ್ಲದಿಲ್ಲ. ಫುಡಿಂಗ್ ಕಡೆ ಮಕ್ಕಳಿಗೆ ದಡಾರ ಬಂದಾಗ ಎತ್ತಿಟ್ಟ ಹಳೆಯ ಬಿಳಿ ಟೀ ಕುಡಿಸುವ ರೂಢಿ ಇತ್ತು. ನಮ್ಮಲ್ಲೂ ಹಳೆ ಅಕ್ಕಿ, ಹಳೆ ಹುಣಸೆಹಣ್ಣು ಅಂದರೆ ಒಂದು ಮರ್ಯಾದೆ ಇದೆಯಲ್ಲ, ಹಾಗೆ. (ದಡಾರಕ್ಕೆ ಲಸಿಕೆ ಹಾಕಿಸಿ ಮಾರಾಯ್ರೇ, ಟೀ ನಂಬಿ ಕೂರಬೇಡಿ.) ಆದರೆ ಮನೆಯ ಮೂಲೆಯಲ್ಲಿ ಒಂದು ಡಬ್ಬಿ ಎತ್ತಿಡುವುದು ಬೇರೆ, ವರ್ಷಕ್ಕಿಷ್ಟು ಅಂತ ಬೆಲೆ ಏರಿಸಿ ಮಾರುವುದು ಬೇರೆ. ಹಾಂಗ್‌ಕಾಂಗ್‌ನ ತಿಂಡಿಮನೆಗಳಲ್ಲಿ ದೊಡ್ಡ ಎಲೆಯ ಶೌಮೆಯ್ ಅನ್ನುವ ಬಿಳಿ ಟೀ ದಶಕಗಳ ಕಾಲ ಅಗ್ಗದ ದಿನಬಳಕೆಯ ಪೇಯವಾಗಿತ್ತು. ಆ ಮಾರುಕಟ್ಟೆಗೆಂದೇ 1968ರಲ್ಲಿ ಫುಡಿಂಗ್‌ನವರು ಎಲೆಯನ್ನು ಸ್ವಲ್ಪ ಹೊಸೆದು ಬೇಗ ರಸ ಬಿಡುವಂಥ ಹೊಸ ವಿಧಾನವನ್ನೂ ತಂದರು. ಏಳು ವರ್ಷಕ್ಕೆ ನಿಧಿಯಾಗುವ ಮಾಲನ್ನು ಇಡ್ಲಿ-ವಡೆ ಜೊತೆ ಕೊಡುವ ಟೀಯಂತೆ ಯಾರು ಖರ್ಚು ಮಾಡುತ್ತಾರೆ ಹೇಳಿ?

ಗಾಳಿ ತಿರುಗಿದ್ದು 2000ದ ನಂತರ. ಯುನ್ನಾನ್‌ನ ಪ್ಯೂರ್ ಟೀ, ಹಳೆಯದಾದಷ್ಟೂ ಬೆಲೆ ಅನ್ನುವ ಲೆಕ್ಕದಲ್ಲಿ ಷೇರಿನಂತೆ ಏರಿ, 2007ರಲ್ಲಿ ದಡಾರನೆ ಬಿತ್ತು. ಆದರೆ ಟೀ ಕೂಡಿಡುವ ಹುಚ್ಚು ಜನರನ್ನು ಬಿಡಲಿಲ್ಲ. ಬಿಳಿ ಟೀಯನ್ನೂ ಪ್ಯೂರ್‌ನಂತೆ ಹಬೆ ಕೊಟ್ಟು ದುಂಡು ಬಿಲ್ಲೆ ಒತ್ತಿ ಮೇಲೆ ಇಸವಿ ಅಚ್ಚು ಹಾಕತೊಡಗಿದರು. ಒತ್ತಿದ ಬಿಳಿ ಟೀಗೆ ಚೀನಾದ ರಾಷ್ಟ್ರೀಯ ಮಾನದಂಡ ಬಂದಿದ್ದೇ 2015ರಲ್ಲಿ. ಆದ್ದರಿಂದ 1980ರ ದಶಕದ ಬಿಳಿ ಟೀ ಬಿಲ್ಲೆ ಅಂತ ಯಾರಾದರೂ ಕೊಡಲು ಬಂದರೆ ಎರಡು ಸಲ ಯೋಚಿಸಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಾಗದದ ಮೇಲಿನ ಇಸವಿ ಬರೀ ಮೆಟಾಡೇಟಾ. ಫೈಲಿನ ತಾರೀಖು ಬದಲಾಯಿಸಲು ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತೇ ಇದೆ :)

ಇಷ್ಟೆಲ್ಲ ಓದಿದ ಮೇಲೆ ಹಳೆಯ ಬಿಳಿ ಟೀ ಅನ್ನುವುದೇ ಬೊಗಳೆ ಅಂತ ಷರಾ ಬರೆದುಬಿಡೋಣ ಅನ್ನಿಸಿತ್ತು. ಹಾಗೆ ಬರೆಯಲು ರಸಾಯನಶಾಸ್ತ್ರ ಬಿಡುವುದಿಲ್ಲ. 2018ರಲ್ಲಿ ಚೀನಾದ ಸಂಶೋಧಕರು ಬೇರೆ ಬೇರೆ ವಯಸ್ಸಿನ ಬಿಳಿ ಟೀಗಳನ್ನು ವಿಶ್ಲೇಷಿಸಿ, ಕೆಲವು ಸಂಯುಕ್ತಗಳು ವರ್ಷ ಕಳೆದಂತೆ ಹೆಚ್ಚುತ್ತಾ ಹೋಗುವುದನ್ನು ತೋರಿಸಿದರು. ಟೀಯ ರುಚಿಗೆ ಕಾರಣವಾದ ಥಿಯಾನಿನ್ ಒಡೆದು, ಒಗರಿಗೆ ಕಾರಣವಾದ ಕ್ಯಾಟೆಚಿನ್‌ಗಳ ಜೊತೆ ಸೇರಿ ಹುಟ್ಟುವ ವಸ್ತುಗಳು ಅವು. ಅಂದರೆ ಕಾಗದದ ಇಸವಿ ಸುಳ್ಳು ಹೇಳಿದರೂ ಎಲೆಯೊಳಗೆ ಒಂದು ಗಡಿಯಾರ ಓಡುತ್ತಿರುತ್ತದೆ. ಒಗರು ಕಡಿಮೆಯಾಗುವುದು ಬರೀ ಕಲ್ಪನೆಯಲ್ಲ.

ನಾಲಿಗೆಗೂ ಅದು ಗೊತ್ತಾಗುತ್ತದಾ? ಸಾಮಾನ್ಯವಾಗಿ ಅಂಗಡಿಯಲ್ಲಿ ಹೊಸ ಬೆಳ್ಳಿ ಸೂಜಿಯ ಪಕ್ಕ ಹಳೆ ಶೌಮೆಯ್ ಇಟ್ಟು 'ವ್ಯತ್ಯಾಸ ನೋಡಿ' ಅನ್ನುತ್ತಾರೆ. ಒಂದು ಬರೀ ಮೊಗ್ಗು, ಇನ್ನೊಂದು ಬಲಿತ ಎಲೆ ಮತ್ತು ದಂಟು. ಒಟ್ಟಿಗೇ ಎರಡು ವೇರಿಯಬಲ್ ಬದಲಾಯಿಸಿದರೆ ಫಲಿತಾಂಶ ಯಾವುದರಿಂದ ಬಂತು ಅಂತ ಹೇಗೆ ಹೇಳೋದು? ಅದಕ್ಕೇ ಶೆನ್‌ಝೆನ್‌ಗೆ ಹೋಗಿದ್ದ ಸಹೋದ್ಯೋಗಿಯ ಕೈಲಿ ಹೊಸ ಬೆಳ್ಳಿ ಸೂಜಿ, ಹೊಸ ಶೌಮೆಯ್, ಹತ್ತು ವರ್ಷದ್ದು ಅಂತ ಹೇಳಿದ ಶೌಮೆಯ್ ಮೂರನ್ನೂ ತರಿಸಿದೆ. ತಲಾ ಐದು ಗ್ರಾಂ, ಒಂದೇ ನೀರು, 90 ಡಿಗ್ರಿ, ಲೋಟದ ತಳಕ್ಕೆ ನಂಬರು ಅಂಟಿಸಿ ರೂಂಮೇಟ್‌ಗಳಿಗೂ ಕೊಟ್ಟೆ.

ಬೆಳ್ಳಿ ಸೂಜಿ ಮೊದಲ ಗುಟುಕಿಗೆ ಬಿಸಿನೀರೇ. ಮೂರನೆಯದಕ್ಕೆ ಎಳೆ ಸೌತೆಕಾಯಿ, ಆಗಷ್ಟೇ ಕೊಯ್ದ ಹುಲ್ಲು, ಗಂಟಲಲ್ಲಿ ಕಬ್ಬಿನ ಹಾಲಿನ ನೆನಪಿನಷ್ಟು ಸಿಹಿ. (ಬಿಳಿ ಟೀಯಲ್ಲಿ ಕೆಫೀನ್ ಕಡಿಮೆ ಅಂತ ನಂಬಿ ರಾತ್ರಿ ಕುಡಿಯಬೇಡಿ. ಮೊಗ್ಗಿನಲ್ಲೇ ಅದು ಜಾಸ್ತಿ.) ಹೊಸ ಶೌಮೆಯ್ ಒಣಹುಲ್ಲಿನ ವಾಸನೆ, ನಾಲಿಗೆಯ ಬದಿಗೆ ಒಗರು. ಹಳೆಯದರ ಬಣ್ಣ ಜೇನಿನಿಂದ ತಾಮ್ರದ ಕಡೆಗೆ, ಖರ್ಜೂರ, ಅಜ್ಜನ ಮನೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ, ಒಗರು ಹೆಚ್ಚುಕಡಿಮೆ ಇಲ್ಲ. ಎರಡು ಶೌಮೆಯ್‌ಗಳನ್ನು ಎಲ್ಲರೂ ಬೇರೆ ಬೇರೆ ಅಂತ ಗುರುತಿಸಿದರು. ಇಷ್ಟವಾಗಿದ್ದು ಯಾವುದು ಅನ್ನುವುದರಲ್ಲಿ ಮಾತ್ರ ಒಮ್ಮತವಿಲ್ಲ. ನನ್ನ ಮಟ್ಟಿಗೆ ಬಲಿತ ಎಲೆಗೆ ವಯಸ್ಸು ಒಪ್ಪುತ್ತದೆ, ಕೊನೆಗೆ ಪಾತ್ರೆಯಲ್ಲಿ ಕಷಾಯದಂತೆ ಕುದಿಸಿ ಕುಡಿದರೂ ಚೆನ್ನ. ಬೆಳ್ಳಿ ಸೂಜಿಯನ್ನು ಹಳೆಯದು ಮಾಡಿ ಅದರ ಎಳೆತನ ಕಳೆಯುವುದು ಯಾಕೋ ನನಗೆ ಅರ್ಥವಾಗಲಿಲ್ಲ.

ನಮಗೂ ಇದು ತೀರಾ ಹೊಸದಲ್ಲ. ಹಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ತೇವ ಗಾಳಿ ಕುಡಿದು ಹಳದಿಯಾದ ಕಾಫಿಬೀಜದ ರುಚಿಗೆ ಯುರೋಪಿನವರು ಒಗ್ಗಿಹೋಗಿದ್ದರು. ಹಡಗು ಬೇಗ ತಲುಪತೊಡಗಿದ ಮೇಲೆ ಆ ರುಚಿಗಾಗಿಯೇ ಮಳೆಗಾಲದ ಗಾಳಿಗೆ ಬೀಜ ಹರಡುವುದು ಶುರುವಾಯಿತು, ಮಂಗಳೂರಿನ ಗೋದಾಮುಗಳಲ್ಲಿ ಇವತ್ತಿಗೂ ನಡೆಯುತ್ತದೆ. ಅದನ್ನು ಯಾರೂ ಔಷಧ, ನಿಧಿ ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ನೀಲಗಿರಿಯಲ್ಲೂ ಈಗ ಬಿಳಿ ಟೀ ಮಾಡುತ್ತಾರೆ. ಅದನ್ನು ಐದಾರು ವರ್ಷ ಎತ್ತಿಟ್ಟು ಕುಡಿದು ನೋಡಿದವರು ಯಾರಾದರೂ ಇದ್ದೀರಾ? ಇದ್ದರೆ ರುಚಿ ಹೇಗಿತ್ತು ಅಂತ ದಯವಿಟ್ಟು ಬರೆಯಿರಿ. ಒಂದು ಡಬ್ಬಿ ನಾನೂ ತಂದು, ಇವತ್ತಿನ ತಾರೀಖು ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ.