ಅಂಚಿನ ಓದುಗರು

ಶ್ರಾವಣ ಬಂತೆಂದರೆ ದಾವಣಗೆರೆ ಸೀಮೆಯ ಊರುಗಳಲ್ಲಿ ಪುರಾಣ ಹಚ್ಚುತ್ತಾರೆ. ಮಠದಲ್ಲೋ ಗುಡಿಯ ಪೌಳಿಯಲ್ಲೋ ಸಂಜೆ ಪುರಾಣಿಕರು ಕೂರುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲ. ಒಂದು ಪದ್ಯ ಹಾಡಿ, ಅರ್ಥ ಬಿಡಿಸಿ, ನಡುವೆ ಉಪಕಥೆಯೊಂದನ್ನು ಸೇರಿಸಿ, ತಿಂಗಳಿಡೀ ಒಂದೇ ಪುಸ್ತಕ ಸಾಗುತ್ತದೆ. ಒಂದು ವರ್ಷ 1369ರಲ್ಲಿ ಭೀಮಕವಿ ಬರೆದು ಮುಗಿಸಿದ ಬಸವಪುರಾಣ, ಇನ್ನೊಂದು ವರ್ಷ ಚಾಮರಸನ ಪ್ರಭುಲಿಂಗಲೀಲೆ, ಮತ್ತೊಂದು ವರ್ಷ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ. ಕೊನೆಯ ದಿನ ಪುರಾಣ ಮಂಗಲ, ಬಂದವರಿಗೆಲ್ಲ ಊಟ.

‘ಈ ತಿಂಗಳು ಏನು ಓದಿದಿರಿ?’ ಎಂಬ ಪ್ರಶ್ನೆಗೆ ಈ ಸೀಮೆಯ ಬಹು ಹಳೆಯ ಉತ್ತರ ಇದೇ. ಓದುವವರು ಒಬ್ಬರು, ಕೇಳುವವರು ನೂರು ಮಂದಿ. ಅಭಿಪ್ರಾಯ ಮಾತ್ರ ಒಬ್ಬೊಬ್ಬರದು ಒಂದೊಂದು. ಮನೆಗೆ ಮರಳುವ ದಾರಿಯಲ್ಲಿ ಶುರುವಾದ ಮಾತು ಮರುದಿನ ಕಟ್ಟೆಯ ಮೇಲೆ ಮುಂದುವರಿಯುತ್ತದೆ. ಅಲ್ಲಮನನ್ನು ಬಯಸಿದ ಮಾಯೆಯದು ತಪ್ಪೇ? ಹೋದ ವರ್ಷದ ಪುರಾಣಿಕರು ಈ ಪದ್ಯಕ್ಕೆ ಇದೇ ಅರ್ಥ ಹೇಳಿದ್ದರೇ? ಅಕ್ಷರ ಕಲಿಯದ ಅಜ್ಜಿಯೂ ಈ ಚರ್ಚೆಯಲ್ಲಿ ಸರಿಸಮಾನಳು. ಪುಸ್ತಕವನ್ನು ತೂಗಿ ನೋಡುವ ಅಧಿಕಾರಕ್ಕೆ ಓದುಬರಹ ಬಲ್ಲವರಾಗಿರಬೇಕು ಎಂಬ ಷರತ್ತೇ ಅಲ್ಲಿರಲಿಲ್ಲ.

ಇದೇ ಸೀಮೆಯ ಹರಿಹರಕ್ಕೂ ಬರಹಕ್ಕೂ ನಂಟು ಇನ್ನೂ ಹಿಂದಿನದು. 1224ರ ಸುಮಾರಿಗೆ ಹರಿಹರೇಶ್ವರ ದೇಗುಲವನ್ನು ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವ ಸ್ವತಃ ಕವಿ. ಹರಿಚಾರಿತ್ರ ಎಂಬ ಕೃತಿ ಅವನ ಹೆಸರಿನಲ್ಲಿದೆ. ಆದರೆ ಮುಂದಿನ ಓದುಗರನ್ನು ರೂಪಿಸಿದ್ದು ದೇಗುಲಕ್ಕಿಂತ ಹೆಚ್ಚಾಗಿ ಹೊಳೆ.

ಹಳೆಯ ಮೈಸೂರು ಸಂಸ್ಥಾನ ಹರಿಹರದಲ್ಲಿ ಮುಗಿಯುತ್ತಿತ್ತು. ತುಂಗಭದ್ರೆಗೆ ಕಟ್ಟಿ 1868ರಲ್ಲಿ ಮುಗಿಸಿದ ಸೇತುವೆ ದಾಟಿದರೆ ಆಚೆ ರಾಣೆಬೆನ್ನೂರು ತಾಲ್ಲೂಕು, ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡು ಆಡಳಿತ ಎಂದರೆ ಎರಡು ಶಾಲಾಪಠ್ಯ, ಎರಡು ಪತ್ರಿಕಾಲೋಕ, ಎರಡು ಬಗೆಯ ಕನ್ನಡ. ತೆಂಕಣದಿಂದ ಬೆಂಗಳೂರು, ಮೈಸೂರುಗಳ ಅಚ್ಚು. ಬಡಗಣದಿಂದ ಧಾರವಾಡ, ಹುಬ್ಬಳ್ಳಿಗಳ ಅಚ್ಚು. ಹೊಳೆಯಾಚೆಯ ಹಾವೇರಿ ಸೀಮೆಯಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅಂಚಿನ ಊರಿನವರಿಗೆ ಎರಡೂ ಕಡೆಯ ಪುಸ್ತಕ ಕೈಗೆಟುಕುವ ದೂರದಲ್ಲಿತ್ತು. ಬೆಂಗಳೂರಿನ ಓದುಗರಿಗಾಗಲಿ ಧಾರವಾಡದ ಓದುಗರಿಗಾಗಲಿ ಅಷ್ಟು ಸುಲಭಕ್ಕೆ ಸಿಗದ ಭಾಗ್ಯವದು.

1922ರಲ್ಲಿ ಎಂಟನೆಯ ಕನ್ನಡ ಸಾಹಿತ್ಯ ಸಮ್ಮೇಳನ ದಾವಣಗೆರೆಯಲ್ಲಿ ನಡೆಯಿತು. ಅಧ್ಯಕ್ಷರು ಎಂ. ವೆಂಕಟಕೃಷ್ಣಯ್ಯ, ಮೈಸೂರಿನ ‘ತಾತಯ್ಯ’. ವೃತ್ತಾಂತ ಚಿಂತಾಮಣಿಯಂಥ ಪತ್ರಿಕೆಗಳನ್ನು ನಡೆಸಿ, ಓದುವ ಜನರನ್ನು ತಯಾರು ಮಾಡಿದವರು. ಅದೇ ವರ್ಷ ಧಾರವಾಡದಲ್ಲಿ ಆಲೂರು ವೆಂಕಟರಾಯರು ಜಯಕರ್ನಾಟಕ ಪತ್ರಿಕೆಯನ್ನು ಆರಂಭಿಸಿದರು. ಹತ್ತಿ ವ್ಯಾಪಾರದ ಪೇಟೆಯಾಗಿದ್ದ ದಾವಣಗೆರೆ ನಾಡಿನ ಎರಡು ತುದಿಗಳ ನಡುವೆ ನಿಂತ ಗಳಿಗೆ ಅದು.

1956ರ ನವೆಂಬರ್ 1ರಂದು ಹೊಳೆಯ ಮೇಲಿನ ಗಡಿ ಅಳಿಯಿತು. ಅದಕ್ಕೆ ಎರಡು ತಿಂಗಳ ಮುಂಚೆ, ಸೆಪ್ಟೆಂಬರಿನಲ್ಲಿ, ಹುಬ್ಬಳ್ಳಿಯಿಂದ ಕಸ್ತೂರಿ ಮಾಸಿಕ ಹೊರಟಿತ್ತು. ಪಾ.ವೆಂ. ಆಚಾರ್ಯರು ಬೆಳೆಸಿದ ಆ ಪತ್ರಿಕೆಯ ಕೊನೆಯಲ್ಲಿ ‘ಪುಸ್ತಕ ವಿಭಾಗ’ ಇರುತ್ತಿತ್ತು: ಒಂದಿಡೀ ಪುಸ್ತಕದ ಸಂಗ್ರಹ. ಶ್ರಾವಣಕ್ಕೊಂದು ಪುಸ್ತಕ ಕೇಳುತ್ತಿದ್ದ ಜನಕ್ಕೆ ಈಗ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲೇ ಬಂತು. ನಾಡಿನ ಏಕೀಕರಣದ ಬಗ್ಗೆ ಬರೆಯುವವರು ರಾಜಕೀಯದ ಹೋರಾಟವನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಹೊಳೆಯ ಎರಡೂ ದಡದವರು ಒಂದೇ ತಿಂಗಳು ಒಂದೇ ಪುಟ ಓದತೊಡಗಿದ ಸಂಗತಿಗೂ ಅಷ್ಟೇ ಜಾಗ ಸಲ್ಲಬೇಕು.

ಹೊಸ ಪುಸ್ತಕ ಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ. ನಾಡಿನ ಇತರ ಪೇಟೆಗಳಂತೆ ಗಿರಣಿಗಳ ಊರು ದಾವಣಗೆರೆಗೂ ಆಸರೆಯಾದದ್ದು ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿ. ಸಣ್ಣ ಮಳಿಗೆ, ಸ್ವಲ್ಪ ಠೇವಣಿ, ದಿನಕ್ಕಿಷ್ಟು ಬಾಡಿಗೆ. ಅ.ನ.ಕೃ., ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಇಲ್ಲಿ ಓದುಗರ ಅಭಿಪ್ರಾಯಕ್ಕೆ ನೇರ ಬೆಲೆಯಿತ್ತು. ‘ಇದು ಚೆನ್ನಾಗಿದೆಯಾ?’ ಎಂದು ಕೇಳಿದರೆ ಅಂಗಡಿಯವರು ಉತ್ತರಿಸುತ್ತಿದ್ದುದು ನಿನ್ನೆ ಅದನ್ನು ಮರಳಿಸಿದವರ ಮಾತಿನಿಂದ. ನಾಲ್ಕು ಜನ ಮುಖ ಸಿಂಡರಿಸಿದರೆ ಆ ಲೇಖಕರ ಮುಂದಿನ ಪುಸ್ತಕ ತರಿಸಲು ಮಾಲೀಕರೇ ಹಿಂಜರಿಯುತ್ತಿದ್ದರು.

ಈ ಓದುಗರಿಗೆ ತಮ್ಮವನೇ ಆದ ಕಾದಂಬರಿಕಾರನೂ ಸಿಕ್ಕ. ತ.ರಾ. ಸುಬ್ಬರಾಯರು ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ, 1920ರ ಏಪ್ರಿಲ್ 21ರಂದು. ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣದಿಂದ ದುರ್ಗಾಸ್ತಮಾನದವರೆಗೆ ಅವರು ಬರೆದ ಚಿತ್ರದುರ್ಗದ ಕಥನ ಇಲ್ಲಿಯವರಿಗೆ ದೂರದ ಚರಿತ್ರೆಯಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳೇ. ಮದಕರಿ ನಾಯಕನ ಕಥೆಯನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ಕಾದಂಬರಿಯನ್ನು ಆ ಕಥೆಯ ಪಕ್ಕ ಇಟ್ಟು ಓದುತ್ತಾರೆ. ವಿಮರ್ಶಕರು ತಂತ್ರ, ಶೈಲಿ ಎಂದು ನೋಡುವಲ್ಲಿ ಇವರು ಕೇಳುವುದು ಬೇರೆ: ನಮ್ಮ ಕಡೆಯ ಕಲ್ಲು, ಬಿಸಿಲು, ಮಾತು ಇದರಲ್ಲಿ ಇವೆಯೇ? ಜನಪ್ರಿಯ ಎಂಬ ಒಂದೇ ಪದದಲ್ಲಿ ತ.ರಾ.ಸು. ಅವರನ್ನು ಬದಿಗೆ ಸರಿಸಿದವರಿಗಿಂತ ಇವರ ಅಳತೆಗೋಲೇ ಹೆಚ್ಚು ನ್ಯಾಯದ್ದು. 1984ರಲ್ಲಿ ಅವರು ತೀರಿಕೊಂಡರು; ಮರುವರ್ಷ ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ನಂತರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿತು, ಬಾಡಿಗೆಯಿಲ್ಲದ ಓದು ಸಾಧ್ಯವಾಯಿತು. ಆಗ ಅಭಿಪ್ರಾಯ ಹೇಳಲು ಅಂಗಡಿಯವರಿಲ್ಲ. ಓದುಗರು ಪುಟದ ಅಂಚಿಗೇ ಬರೆದರು. ಪೆನ್ಸಿಲಿನಲ್ಲಿ ಒಂದು ಗೆರೆ, ‘ನಿಜ’ ಎಂಬ ಒಂದು ಪದ, ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಸುಳ್ಳು’. ನಾಯಕಿ ಸಾಯುವ ಪುಟದಲ್ಲಿ ಯಾರದೋ ಬೈಗುಳ. ಕೊನೆಯ ಹಾಳೆಯಲ್ಲಿ ‘ಎಲ್ಲರೂ ಓದಲೇಬೇಕು’. ನಿಯಮದ ಪ್ರಕಾರ ಇದು ತಪ್ಪು, ಪುಸ್ತಕಕ್ಕೂ ಹಾನಿ. ಆದರೂ ಕಟ್ಟೆಯ ಚರ್ಚೆ ಕಾಗದದ ಮೇಲೆ ಉಳಿದದ್ದು ಇಲ್ಲಿ ಮಾತ್ರ.

ಹೊಲಿಗೆ ಬಿಚ್ಚಿದ ಪುಸ್ತಕವನ್ನು ಮತ್ತೆ ಬೈಂಡಿಗೆ ಕೊಡುತ್ತಾರೆ. ಹೊಸ ರಟ್ಟು ಹಾಕಿ, ಹಾಳೆಗಳು ಸಮನಾಗಲೆಂದು ಮೂರು ಕಡೆಯೂ ಅಂಚನ್ನು ಕತ್ತರಿಸುತ್ತಾರೆ. ‘ನಿಜ’ದಲ್ಲಿ ‘ಜ’ ಹೋಗಿರುತ್ತದೆ, ಕೆಳಗಿನ ‘ಸುಳ್ಳು’ ಅರ್ಧ ಉಳಿದಿರುತ್ತದೆ.