ಮದ್ಯಪಾನ ಮತ್ತು ರಕ್ತಪರೀಕ್ಷೆ: ವರದಿ ಏನು ಹೇಳುತ್ತದೆ?

ಲಿವರ್ ಪರೀಕ್ಷೆ ನಾರ್ಮಲ್ ಬಂದರೆ ಕುಡಿತದಿಂದ ತೊಂದರೆಯಾಗಿಲ್ಲವೆಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಇದು ಪೂರ್ತಿ ಸರಿಯಲ್ಲ. ಚನ್ನರಾಯಪಟ್ಟಣ ಭಾಗದ ನಮ್ಮ ಓದುಗರಿಗಾಗಿ ಮುಖ್ಯ ಪರೀಕ್ಷೆಗಳ ವಿವರ ಇಲ್ಲಿದೆ.

ಜಿ.ಜಿ.ಟಿ.: ಹೆಚ್ಚು ಕುಡಿಯುವವರಲ್ಲಿ ಏರುವ ಕಿಣ್ವ. ಕುಡಿತ ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬೊಜ್ಜು, ಫಿಟ್ಸ್ ಮಾತ್ರೆ, ಪಿತ್ತನಾಳದ ತೊಂದರೆಯಿಂದಲೂ ಏರಬಹುದು.

ಎ.ಎಸ್.ಟಿ., ಎ.ಎಲ್.ಟಿ.: ಮೊದಲನೆಯದು ಎರಡನೆಯದರ 2 ಪಟ್ಟಿಗಿಂತ ಹೆಚ್ಚಿದ್ದರೆ ಮದ್ಯದಿಂದಾದ ಲಿವರ್ ಹಾನಿಯನ್ನು ವೈದ್ಯರು ಶಂಕಿಸುತ್ತಾರೆ.

ಎಂ.ಸಿ.ವಿ.: ಕೆಂಪು ರಕ್ತಕಣದ ಗಾತ್ರ. ಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ಸಹಜಕ್ಕೆ ಮರಳಲು ತಿಂಗಳುಗಳು ಬೇಕು.

ಪಿ.ಇಥ್.: ಮದ್ಯ ಸೇರಿದಾಗ ಮಾತ್ರ ರಕ್ತದಲ್ಲಿ ಉಂಟಾಗುವ ವಸ್ತು. ಹಿಂದಿನ 2ರಿಂದ 4 ವಾರಗಳ ಕುಡಿತವನ್ನು ತೋರಿಸುತ್ತದೆ.

ಸಿರೋಸಿಸ್ ಆದವರಲ್ಲೂ ಕಿಣ್ವಗಳು ನಾರ್ಮಲ್ ಇರಬಹುದು. ಆದ್ದರಿಂದ ಪ್ಲೇಟ್‌ಲೆಟ್, ಆಲ್ಬುಮಿನ್, ಸ್ಕ್ಯಾನಿಂಗ್ ಸಹ ಅಗತ್ಯ. ಎಷ್ಟು ಕುಡಿಯುತ್ತೇವೆಂಬ ನಿಜವನ್ನು ವೈದ್ಯರಿಗೆ ಹೇಳೋಣ.

ವರದಿಗೆ ಹೆದರಿ ದಿನನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ಮನೆಯವರು ಒತ್ತಾಯಿಸುವ ಮುನ್ನ ವೈದ್ಯರನ್ನು ಕಾಣಲಿ. ತಾಲ್ಲೂಕು ಆಸ್ಪತ್ರೆ, ಹಾಸನದ ಹಿಮ್ಸ್ ಹತ್ತಿರದಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಟೆಲಿ-ಮಾನಸ್ ಉಚಿತ ಸಹಾಯವಾಣಿ: 14416.