ಮೊಣಕಾಲು ಆಪರೇಷನ್ ಆದಮೇಲೆ ಕಾಲು ಬಿಗಿಯದಿರಲು ಮನೆಯಲ್ಲೇ ಮಾಡುವ ಸರಳ ವ್ಯಾಯಾಮ

ಸಿರುಗುಪ್ಪ: ಬೈಕಿನಿಂದ ಬಿದ್ದೋ, ಗದ್ದೆ ಬದುವಿನಲ್ಲಿ ಜಾರಿಯೋ ಮೊಣಕಾಲಿಗೆ ಪೆಟ್ಟಾದವರು, ಆಪರೇಷನ್ ಮಾಡಿಸಿಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ನೋವಿಗೆ ಹೆದರಿ ಕಾಲು ಅಲ್ಲಾಡಿಸದೆ ಮಲಗುವುದು. ಮೊದಲ ಕೆಲವು ವಾರ ಹೀಗೇ ಕಳೆದರೆ ಕೀಲಿನೊಳಗೆ ಅಂಟು ಕಟ್ಟಿ, ತೊಡೆಯ ಸ್ನಾಯು ಸೊರಗಿ ಕಾಲು ಬಿಗಿದುಬಿಡುತ್ತದೆ. ಆಮೇಲೆ ಮಡಚಬೇಕೆಂದರೂ ಮಡಚುವುದಿಲ್ಲ. ನಾಟಿ ಕಟ್ಟು ಹಾಕಿಸಿ ತಿಂಗಳುಗಟ್ಟಲೆ ಬಿಟ್ಟವರಿಗೂ ಇದೇ ಪಾಡು.

ಸಮತಟ್ಟು ಜಾಗದಲ್ಲಿ ನಡೆಯಲು ಮೊಣಕಾಲು ಸುಮಾರು 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು 90 ಡಿಗ್ರಿ ಆಸುಪಾಸು ಬೇಕು. ನೆಲದ ಮೇಲೆ ಕೂರಲು ಅದಕ್ಕಿಂತ ಬಹಳ ಹೆಚ್ಚು ಬೇಕು.

ದಿನಕ್ಕೆ 3 ಸಲ, ತಲಾ 10 ಬಾರಿ

1. ಪಾದ ಆಡಿಸುವುದು: ಮಲಗಿಕೊಂಡು ಪಾದವನ್ನು ಮೇಲೆ, ಕೆಳಗೆ ಮಾಡಬೇಕು. ರಕ್ತ ಓಡಾಟ ಚೆನ್ನಾಗಿರುತ್ತದೆ.
2. ಟವೆಲ್ ಒತ್ತುವುದು: ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ 5 ಎಣಿಸಿ ಬಿಡಬೇಕು.
3. ಹಿಮ್ಮಡಿ ಜಾರಿಸುವುದು: ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿಯೇ ನಿಧಾನವಾಗಿ ಪೃಷ್ಠದ ಕಡೆ ಎಳೆದುಕೊಂಡು ಮತ್ತೆ ಚಾಚಬೇಕು.
4. ನೇರ ಕಾಲು ಎತ್ತುವುದು: ಒಳ್ಳೆ ಕಾಲು ಮಡಚಿಟ್ಟು, ನೋವಿನ ಕಾಲನ್ನು ನೇರವಾಗಿ ಒಂದು ಅಡಿ ಎತ್ತಿ 5 ಎಣಿಸಿ ಇಳಿಸಬೇಕು.
5. ಕುರ್ಚಿಯಲ್ಲಿ ಕೂತು ಕಾಲನ್ನು ಮೆಲ್ಲಗೆ ಹಿಂದಕ್ಕೆ ಮಡಚಿ, ಮುಂದಕ್ಕೆ ಚಾಚಬೇಕು. ಅಂಗಡಿ ಗಲ್ಲಾದಲ್ಲಿ ಕೂತೇ ಇರುವವರು ಗಂಟೆಗೊಮ್ಮೆ ಇದನ್ನು ಮಾಡಬಹುದು.

ಇವು ಬೇಡ

ಮಲಗುವಾಗ ಮೊಣಕಾಲ ಕೆಳಗೆ ದಿಂಬು ಇಡಬಾರದು. ಕಾಲು ಪೂರ್ತಿ ನೇರವಾಗದೆ ಉಳಿಯುತ್ತದೆ. ಹೊಸ ಗಾಯದ ಮೇಲೆ ಎಣ್ಣೆ ಹಚ್ಚಿ ತಿಕ್ಕಿಸಬಾರದು. ಬೇರೆಯವರಿಂದ ಬಲವಂತವಾಗಿ ಮಡಚಿಸಿಕೊಳ್ಳಬಾರದು. ಕೀಲು ಬದಲಾಯಿಸಿಕೊಂಡವರು ಚಕ್ಕಲಮಕ್ಕಲ ಹಾಕಿ ಕೂರುವ ಮುನ್ನ ವೈದ್ಯರನ್ನು ಕೇಳಬೇಕು. ಮೂಳೆ ಮುರಿದವರು, ಲಿಗಮೆಂಟ್ ಆಪರೇಷನ್ ಆದವರು ವೈದ್ಯರು ಹೇಳುವ ತನಕ ಕಾಲಿನ ಮೇಲೆ ಭಾರ ಹಾಕಬಾರದು. ಎಷ್ಟು ಮಡಚಬೇಕು, ಯಾವ ವ್ಯಾಯಾಮ ಯಾವಾಗ ಶುರು ಮಾಡಬೇಕು ಎಂಬುದನ್ನೂ ಅವರನ್ನೇ ಕೇಳಬೇಕು.

ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ವ್ಯಾಯಾಮದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15 ನಿಮಿಷ ಇಟ್ಟರೆ ಊತ ಇಳಿಯುತ್ತದೆ. ಸ್ವಲ್ಪ ನೋವು ಸಹಜ. ಮರುದಿನ ಬೆಳಗ್ಗೆಯೂ ನೋವು, ಊತ ಹೆಚ್ಚೇ ಇದ್ದರೆ ವ್ಯಾಯಾಮ ಕಡಿಮೆ ಮಾಡಬೇಕು.

ತಡ ಮಾಡಬಾರದ ಲಕ್ಷಣಗಳು

ಮೀನಖಂಡ ಊದಿ ನೋಯುವುದು, ಜ್ವರ, ಗಾಯದಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರಾಟದ ತೊಂದರೆ, ಎದೆನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಬೇಕು.

ದೇಶನೂರಿನಂಥ ಊರುಗಳಿಂದ ಫಿಸಿಯೋಥೆರಪಿಗೆಂದು ದಿನಾ ಬಳ್ಳಾರಿಗೆ ಓಡಾಡುವುದು ಎಲ್ಲರಿಗೂ ಆಗದ ಮಾತು. ಡಿಸ್ಚಾರ್ಜ್ ದಿನವೇ ವ್ಯಾಯಾಮಗಳನ್ನು ಮಾಡಿ ತೋರಿಸುವಂತೆ ಕೇಳಿ, ಮನೆಯವರೊಬ್ಬರು ಕಲಿತು ಬಂದರೆ ಅರ್ಧ ಕೆಲಸ ಆದಂತೆ.